ಯಾರ ಮನೆಯ ನೀರು?

"ನಾನು ಆಚೆ ಕೂರ್ತೇನೆ ಆಯ್ತಾ?" ಎಂದು ದೀಕ್ಷಿತಾ ಬ್ಯಾಗ್ ಎತ್ತಿಕೊಂಡಳು.

"ಯಾಕೆ?" ಪ್ರಾಪ್ತಿ ಕೇಳಿದಳು.

ದೀಕ್ಷಿತಾ ಮೂಗು ಉಜ್ಜಿಕೊಂಡಳು. "ನಿನ್ನ ಯೂನಿಫಾರ್ಮ್‌ನಿಂದ ಎಂತದೋ ವಾಸನೆ ಬರ್ತದೆ ಮಾರಾಯ್ತಿ. ಒದ್ದೆ ಗೋಣಿಯ ಹಾಗೆ. ಬೇಜಾರು ಮಾಡ್ಬೇಡ."

ಬೇಜಾರು ಮಾಡಬೇಡ ಎಂದರೆ ಬೇಜಾರು ಸುಮ್ಮನಿರುತ್ತದೆಯೇ? ಒಂದನೇ ಕ್ಲಾಸಿನಿಂದ ಈ ಐದನೇ ಕ್ಲಾಸಿನವರೆಗೆ ಅವರಿಬ್ಬರದು ಒಂದೇ ಬೆಂಚು. ಈಗ ದೀಕ್ಷಿತಾ ಹೋಗಿ ಕುಳಿತದ್ದು ಯಾರ ಪಕ್ಕದಲ್ಲಿ? ಡೈಸಿಯ ಪಕ್ಕದಲ್ಲಿ!

ಪ್ರಾಪ್ತಿ ಮೆಲ್ಲನೆ ತನ್ನ ತೋಳು ಮೂಸಿದಳು. ಮುಗ್ಗಲು ವಾಸನೆ. ದೀಕ್ಷಿತಾ ಹೇಳಿದ್ದು ಸುಳ್ಳಲ್ಲ. ಮಳೆ ಹಿಡಿದ ಮೇಲೆ ಬಿಸಿಲು ಕಂಡವರು ಯಾರು? ಆದರೆ ಡೈಸಿಯ ಅಂಗಿಗೆ ಮಾತ್ರ ಯಾವ ವಾಸನೆಯೂ ಇಲ್ಲ. ಅದೇ ಮಳೆ, ಅದೇ ಕುಲಶೇಖರದ ಬೀದಿ, ಅಷ್ಟೇ ಏಕೆ, ಅದೇ ಮನೆ! ಡೈಸಿಯವರು ಮೇಲಿನ ಮಹಡಿಯಲ್ಲಿ, ಪ್ರಾಪ್ತಿಯವರು ಕೆಳಗೆ ಬಾಡಿಗೆಗೆ.

"ನಮ್ಮಲ್ಲಿ ಮಷಿನ್ ಉಂಟು," ಎಂದು ಡೈಸಿ ಹೇಳುವುದು ಕೇಳಿಸಿತು. "ರೂಮಿನ ಗಾಳಿಯಿಂದ ನೀರು ತೆಗೀತದೆ. ನನ್ನ ವಯಲಿನ್‌ಗೆ ಬೂಷ್ಟು ಬಂದಿತ್ತಲ್ಲ, ಅದಕ್ಕೆ ಡ್ಯಾಡಿ ಮಸ್ಕತ್‌ನಿಂದ ತಂದದ್ದು. ಬಟ್ಟೆಯೂ ಅಲ್ಲೇ ಒಣಗ್ತದೆ."

"ಗಾಳಿಯಿಂದ ನೀರಾ! ನಂಗೂ ತೋರಿಸ್ತೀಯಾ?"

ಪ್ರಾಪ್ತಿಗೆ ಹೊಟ್ಟೆ ಉರಿಯಿತು. ಸ್ವಲ್ಪವಲ್ಲ, ಚೆನ್ನಾಗಿಯೇ ಉರಿಯಿತು. ವಯಲಿನ್ ಡೈಸಿಗೆ, ಮಷಿನ್ ಡೈಸಿಗೆ, ಈಗ ದೀಕ್ಷಿತಾ ಕೂಡ ಡೈಸಿಗೆ!

ಸಂಜೆ ಮನೆಗೆ ಬಂದಾಗ ಅಮ್ಮ ಅಡುಗೆಮನೆಯ ಹಗ್ಗಕ್ಕೆ ಇನ್ನೊಂದು ಯೂನಿಫಾರ್ಮ್ ಹರವುತ್ತಿದ್ದಳು. "ಒಲೆಯ ಬಿಸಿಗೆ ಬೇಗ ಒಣಗ್ತದೆ," ಎನ್ನುವುದು ಅಮ್ಮನ ಲೆಕ್ಕ. ಕೆಳಗೆ ದೊಡ್ಡ ಪಾತ್ರೆಯಲ್ಲಿ ಕುಚ್ಚಲಕ್ಕಿ ಕೊತಕೊತ ಕುದಿಯುತ್ತಿತ್ತು. ಕುಚ್ಚಲಕ್ಕಿಗೆ ಬೇಯುವುದಕ್ಕೆ ಯಾವತ್ತೂ ಅವಸರವಿಲ್ಲ. ಎರಚಲು ಬರುತ್ತದೆಂದು ಕಿಟಕಿಗಳೆಲ್ಲ ಮುಚ್ಚಿದ್ದವು.

ಪಕ್ಕದ ಕೋಣೆಯಲ್ಲಿ ಪ್ರಾಪ್ತಿ ಹೋಮ್‌ವರ್ಕ್‌ಗೆ ಕುಳಿತಳು. ರಬ್ಬರ್ ಜಾರಿ ಕಬ್ಬಿಣದ ಕಪಾಟಿನ ಹಿಂದೆ ಬಿತ್ತು. ಟಾರ್ಚ್ ಹಾಕಿ ಇಣುಕಿದರೆ, ಅಬ್ಬಾ! ಗೋಡೆಯ ತುಂಬ ಕಪ್ಪು ಹಸಿರು ಚುಕ್ಕೆಗಳು. ಬೂಷ್ಟು!

ಅಷ್ಟರಲ್ಲಿ ಹೊರಗೆ ಟಪ್ ಟಪ್ ಎಂದು ಸದ್ದಾಯಿತು. ಕಿಟಕಿಯ ಗಾಜಿನಿಂದ ನೋಡಿದಳು. ಡೈಸಿಯ ಮಷಿನಿನ ಪೈಪು ಮೇಲಿನಿಂದ ಇಳಿದು ಅದೇ ಗೋಡೆಯ ಬುಡದಲ್ಲಿ ನೀರು ತೊಟ್ಟಿಕ್ಕುತ್ತಿತ್ತು.

ಪ್ರಾಪ್ತಿಯ ಮುಖ ಅರಳಿತು. ಗೋಡೆ ಹಾಳಾದದ್ದಕ್ಕೆ ಯಾರಾದರೂ ಇಷ್ಟು ಸಂತೋಷಪಡುತ್ತಾರೆಯೇ? ಪ್ರಾಪ್ತಿ ಪಟ್ಟಳು.

"ಅಮ್ಮಾ, ನೋಡು! ಅವರ ರೂಮಿನ ನೀರನ್ನೆಲ್ಲ ನಮ್ಮ ಗೋಡೆಗೆ ಬಿಡ್ತಾರೆ!"

"ಸರಿಯಾಗಿ ಗೊತ್ತಿಲ್ಲದೆ ಹಾಗೆಲ್ಲ ಹೇಳ್ಬಾರದು ಮಗಾ," ಎಂದಳು ಅಮ್ಮ. ಆದರೂ ಮರುದಿನ ಕ್ಲಾಸಿನಲ್ಲಿ ಪ್ರಾಪ್ತಿ ಹೇಳಿಯೇಬಿಟ್ಟಳು. ಅದೂ ಎಲ್ಲರಿಗೂ ಕೇಳುವ ಹಾಗೆ.

"ನನ್ನ ಯೂನಿಫಾರ್ಮ್ ವಾಸನೆ ಬರುವುದು ಡೈಸಿಯಿಂದ! ಅವಳ ಮಷಿನಿನ ನೀರು ನಮ್ಮ ಮನೆಗೆ ಇಳಿಯುವುದು!"

"ಹೌದಾ? ಛೇ, ಎಂತ ಡೈಸಿ ನೀನು!" ಎಂದು ದೀಕ್ಷಿತಾ ಬ್ಯಾಗ್ ಎತ್ತಿಕೊಂಡು ಹಳೆಯ ಬೆಂಚಿಗೆ ಬಂದಳು. ಆ ದಿನ ಡೈಸಿ ಒಬ್ಬಳೇ ಊಟ ಮಾಡಿದಳು. ಪ್ರಾಪ್ತಿಗೆ ಮಾತ್ರ ಊಟ ಬಹಳ ರುಚಿಸಿತು.

ಸಂಜೆ ಬಾಗಿಲು ಬಡಿದ ಸದ್ದಾಯಿತು. ಡೈಸಿಯ ಅಜ್ಜಿ ಅಪೊಲೋನಿಯಾ ಬಾಯಮ್ಮ ಬಂದಿದ್ದರು. ಹಿಂದೆ ಡೈಸಿ. ಅವಳ ಕಣ್ಣು ಕೆಂಪಾಗಿತ್ತು.

"ಜಯ, ನಮ್ಮ ನೀರು ನಿಮ್ಮ ಗೋಡೆಗೆ ಬರ್ತದಂತೆ, ಹೌದಾ?" ಬಾಯಮ್ಮ ಅಮ್ಮನನ್ನು ನೇರವಾಗಿ ಕೇಳಿದರು. "ಹೌದಾದ್ರೆ ಮಷಿನ್ ಬಂದ್ ಮಾಡುವ. ವಯಲಿನ್ ಎಂತ ಬೇಕಾದ್ರೂ ಆಗ್ಲಿ. ಇನ್ನೊಬ್ಬರ ಮನೆ ಹಾಳು ಮಾಡಿ ನಮಗೆ ಆಗ್ಬೇಕಾದ್ದು ಎಂತದೂ ಇಲ್ಲ."

"ಅಯ್ಯೋ ಬಾಯಮ್ಮ, ಮಕ್ಕಳ ಮಾತು..." ಅಮ್ಮನಿಗೆ ನಾಚಿಕೆಯಾಯಿತು.

ಬಂದ್ ಮಾಡಲಿ, ಎಂದುಕೊಂಡಳು ಪ್ರಾಪ್ತಿ. ಡೈಸಿಯ ಅಂಗಿಯೂ ಸ್ವಲ್ಪ ನಾರಲಿ.

"ಮೊದಲು ನೋಡುವ ಗ್ರ್ಯಾನಿ," ಎಂದಳು ಡೈಸಿ. ಅವಳ ಕೈಯಲ್ಲಿ ಚಪಾತಿ ಸುತ್ತುವ ಫಾಯಿಲ್ ಮತ್ತು ಟೇಪ್ ಇದ್ದವು. "ಡ್ಯಾಡಿ ಫೋನಲ್ಲಿ ಹೇಳಿಕೊಟ್ರು. ಇದನ್ನು ಗೋಡೆಗೆ ಅಂಟಿಸ್ಬೇಕು. ನಾಳೆ ಬೆಳಿಗ್ಗೆ ಫಾಯಿಲ್‌ನ ಹಿಂದೆ ನೀರಿದ್ರೆ ಅದು ಗೋಡೆಯೊಳಗಿಂದ ಬಂದದ್ದು. ಆಗ ನಮ್ಮ ಪೈಪಿನದ್ದೇ ಇರ್ಬಹುದು. ಹಿಂದೆ ಒಣಗಿದ್ದು, ಮುಂದೆ ಹನಿ ಇದ್ರೆ..."

"ಇದ್ರೆ?"

"ಈ ರೂಮಿನ ಗಾಳಿಯದ್ದು."

ಎಲ್ಲರೂ ಸೇರಿ ಕಪಾಟು ಸರಿಸಿದರು. ಅಮ್ಮ ಗೋಡೆ ಒರೆಸಿದಳು. ಡೈಸಿ ಫಾಯಿಲ್ ಇಟ್ಟು ನಾಲ್ಕೂ ಬದಿಗೆ ಟೇಪ್ ಒತ್ತಿದಳು.

ಬೆಳಿಗ್ಗೆ ಯಾರೂ ಕರೆಯದೆಯೇ ಪ್ರಾಪ್ತಿ ಎದ್ದಳು. ಓಡಿ ಹೋಗಿ ಫಾಯಿಲ್ ನೋಡಿದಳು. ಮುಂದೆಲ್ಲ ಸಣ್ಣ ಸಣ್ಣ ಹನಿಗಳು. ಮೆಲ್ಲನೆ ಮೂಲೆಯ ಟೇಪ್ ಬಿಡಿಸಿ ಹಿಂದೆ ಬೆರಳು ಹಾಕಿದಳು. ಒಣಗಿತ್ತು.

ತಿರುಗಿ ಬಾಗಿಲ ಕಡೆ ನೋಡಿದಳು. ಯಾರೂ ನೋಡಿಲ್ಲ. ಮುಂದಿನದನ್ನು ಒರೆಸಿ, ಹಿಂದಕ್ಕೆ ನಾಲ್ಕು ಹನಿ ಚಿಮುಕಿಸಿದರೆ ಆಯಿತು. ಮಷಿನ್ ಬಂದ್. ದೀಕ್ಷಿತಾ ತನ್ನ ಬೆಂಚಿನಲ್ಲೇ.

ಅವಳು ಫ್ರಾಕಿನ ಅಂಚು ಹಿಡಿದು ಫಾಯಿಲ್‌ನ ಒಂದು ಮೂಲೆ ಒರೆಸಿಯೂಬಿಟ್ಟಳು. ಆಗ ಕಪಾಟಿನ ಬಾಗಿಲು ಕಂಡಿತು. ಅಲ್ಲೂ ಹನಿ. ಕನ್ನಡಿಯಲ್ಲಿ ತನ್ನ ಮುಖವೇ ಕಾಣದಷ್ಟು ಮಂಜು. ಕಿಟಕಿಯ ಗಾಜಿನಿಂದ ನೀರು ಇಳಿಯುತ್ತಿತ್ತು. ಎಷ್ಟೆಂದು ಒರೆಸುವುದು?

ಅಡುಗೆಮನೆಯ ಕಡೆ ತಿರುಗಿದಳು. ಕುಚ್ಚಲಕ್ಕಿ ಗಂಜಿಯ ಹಬೆ ದಪ್ಪಗೆ ಏಳುತ್ತಿತ್ತು. ಅದರ ಮಧ್ಯೆ ಅವಳ ಯೂನಿಫಾರ್ಮ್ ನೇತಾಡುತ್ತಿತ್ತು.

"ಪ್ರಾಪ್ತಿ, ನೋಡಿದ್ಯಾ?"

ಬಾಗಿಲಲ್ಲಿ ಡೈಸಿ. ತಲೆ ಕೂಡ ಬಾಚಿರಲಿಲ್ಲ. ಒಳಗೆ ಬರಲು ಹೆದರಿ ಹೊಸ್ತಿಲಾಚೆಯೇ ನಿಂತಿದ್ದಳು.

ಪ್ರಾಪ್ತಿಯ ಕೈಯಿಂದ ಫ್ರಾಕಿನ ಅಂಚು ಜಾರಿತು. "ಬಾ," ಎಂದಳು. "ಮುಂದೆ ಉಂಟು. ಹಿಂದೆ ಇಲ್ಲ."

ಅಮ್ಮ ಬಂದು ಫಾಯಿಲ್ ನೋಡಿದಳು, ಪಾತ್ರೆ ನೋಡಿದಳು, ಹಗ್ಗ ನೋಡಿದಳು. "ಒಣಗಿಸ್ತೇನೆ ಅಂತ ಹೇಳಿ ನಾನು ದಿನಾ ಯೂನಿಫಾರ್ಮನ್ನು ಗಂಜಿಯೊಟ್ಟಿಗೆ ಬೇಯಿಸ್ತಿದ್ದೆನಾ ಹಾಗಾದ್ರೆ!" ಎಂದು ನಕ್ಕಳು. ಪಾತ್ರೆಗೆ ಮುಚ್ಚಳ ಬಿತ್ತು, ಅಡುಗೆಮನೆಯ ಕಿಟಕಿ ತೆರೆಯಿತು. ಹಗ್ಗ ಎದುರಿನ ಕೋಣೆಯ ಫ್ಯಾನಿನಡಿಗೆ ಹೋಯಿತು. ಕಪಾಟನ್ನು ಮತ್ತೆ ಗೋಡೆಗೆ ತಾಗಿಸಿ ಇಡಲಿಲ್ಲ.

ಆದರೆ ಇವತ್ತಿಗೆ ಪ್ರಾಪ್ತಿ ಆ ಗಂಜಿ ಯೂನಿಫಾರ್ಮನ್ನೇ ತೊಡಬೇಕಾಯಿತು.

ಶಾಲೆಯ ವ್ಯಾನಿನಲ್ಲಿ ಡೈಸಿ ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಅವಳು ಕಾದಳು. ನಾನಾಗಿದ್ದರೆ ಗೇಟಿನಲ್ಲೇ ಕೂಗಿ ಹೇಳುತ್ತಿದ್ದೆ ಎಂದುಕೊಂಡಳು. ಡೈಸಿ ಯಾರಿಗೂ ಹೇಳಲಿಲ್ಲ. ಕ್ಲಾಸಿಗೆ ಹೋಗಿ ತನ್ನ ಬೆಂಚಿನಲ್ಲಿ ಒಬ್ಬಳೇ ಕುಳಿತು ಪುಸ್ತಕ ತೆಗೆದಳು.

"ಎಂತಾಯ್ತು? ಮಷಿನ್ ಬಂದ್ ಮಾಡಿದ್ರಾ?" ದೀಕ್ಷಿತಾ ಕೇಳಿದಳು.

"ಇಲ್ಲ," ಎಂದಳು ಪ್ರಾಪ್ತಿ. ಅವಳ ಕಿವಿ ಬಿಸಿಯಾಗಿತ್ತು. "ಅದು ಡೈಸಿಯವರ ನೀರಲ್ಲ. ನಮ್ಮದೇ. ಗಂಜಿಯ ಹಬೆ. ನಾನು ಸುಮ್ಮನೆ ಹೇಳಿದ್ದು." ಇದನ್ನೂ ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದಳು.

"ಗಂಜಿ ಯೂನಿಫಾರ್ಮ್!" ಎಂದು ಹಿಂದಿನ ಬೆಂಚಿನ ಕ್ಯಾಲ್ವಿನ್ ಕೂಗಿದ. ಕ್ಲಾಸಿಗೆ ಕ್ಲಾಸೇ ನಕ್ಕಿತು.

ಪ್ರಾಪ್ತಿ ಬ್ಯಾಗ್ ಎತ್ತಿಕೊಂಡು ಡೈಸಿಯ ಬೆಂಚಿನ ಬಳಿ ಹೋಗಿ ನಿಂತಳು. ಕೂರಲು ಧೈರ್ಯ ಬರಲಿಲ್ಲ.

"ವಾಸನೆ ಇನ್ನೂ ಉಂಟು," ಎಂದಳು.

ಡೈಸಿ ಅವಳ ತೋಳಿನ ಹತ್ತಿರ ಮೂಗು ತಂದಳು. "ಉಂಟು," ಎಂದಳು. ಆಮೇಲೆ ತನ್ನ ಬ್ಯಾಗನ್ನು ಆಚೆ ಸರಿಸಿದಳು.

ಪ್ರಾಪ್ತಿ ಕುಳಿತಳು. ಡೈಸಿಯ ತೋಳು ಗರಿಗರಿಯಾಗಿತ್ತು, ಯಾವ ವಾಸನೆಯೂ ಇರಲಿಲ್ಲ. ಪ್ರಾಪ್ತಿಗೆ ಒಳಗೆ ಸ್ವಲ್ಪ ಉರಿಯಿತು. ಆದರೂ ಅವಳು ತನ್ನ ತೋಳನ್ನು ದೂರ ಎಳೆದುಕೊಳ್ಳಲಿಲ್ಲ. ಡೈಸಿಯೂ ಎಳೆದುಕೊಳ್ಳಲಿಲ್ಲ.