ನಲವತ್ತೆರಡನೆಯ ಕರೆ

"ನಮ್ಮಮ್ಮ ಹೋದಮೇಲೆ ಇವಳು ಆ ಕರೆ ಬರೆದು ತೂರಿಸಿದ್ದಾಳೆ," ಅಂದರು ವರದಿ ಮೇಷ್ಟ್ರು.

ಮನೆಮನೆಗೆ ನರ್ಸ್ ಕಳಿಸುವ ಆ ಕಚೇರಿಯಲ್ಲಿ ಕಂಪ್ಯೂಟರಿನಿಂದ ತಿಂಗಳ ಲೆಕ್ಕ ತೆಗೆಯುವವರು ಅವರೇ. ಆ ಪಟ್ಟಿ ಹಿಡಿದೇ ಜೀಪು ಹೊರಡುತ್ತಿತ್ತು. ಒಂದನೇ ತಾರೀಕು ತೆಗೆದ ಹಿಂದಿನ ತಿಂಗಳ ಪಟ್ಟಿಯಲ್ಲಿ ನಲವತ್ತೊಂದು ಕರೆ. ದಾಖಲೆಯಲ್ಲಿ ಈಗ ನಲವತ್ತೆರಡು. ಹೆಚ್ಚಿನದು ಅವರ ತಾಯಿಯದೇ: ಮೂವತ್ತೊಂದನೇ ತಾರೀಕು, ಬೆಳಗ್ಗೆ ಹನ್ನೊಂದು ಇಪ್ಪತ್ತು. ನರ್ಸ್ ಹೋಗಲೇ ಇಲ್ಲ. ಹನ್ನೆರಡನೇ ದಿನ ತಾಯಿ ತೀರಿಕೊಂಡರು. ಫೋನ್ ಎತ್ತುವ ಹೆಂಗಸು, ಎಲ್ಲರ ಬಾಯಲ್ಲಿ 'ಹಲೋ ತಂಗಿ', ಕರೆ ಬರೆದುಕೊಳ್ಳಲು ಮರೆತು ಆಮೇಲೆ ಹಳೆ ತಾರೀಕು ಹಾಕಿದಳೆಂದು ದೂರು. ಸಂಜೆಯೊಳಗೆ ಅವಳ ಕೆಲಸ ಹೋಗುವುದಿತ್ತು.

ಜೀಪಿನ ಡ್ರೈವರ್ ತಡೆಯಲಾಗದೆ ದಾಖಲೆ ಕೋಣೆಯ ಅಕ್ಕನನ್ನು ಕರೆತಂದ. ಕಚೇರಿಯಲ್ಲಿ ಬೀಗದ ಕೈ ಕಳೆದರೂ ಬುತ್ತಿ ಕಳೆದರೂ ಪತ್ತೆ ಮಾಡುವವಳು ಅವಳು. ಅವಳ ಹಿಂದೆ ಬಾಲದಂತೆ ತಿರುಗುವವನು ಇವನು.

ಅಕ್ಕ ತಂಗಿಯನ್ನು ಏನೂ ಕೇಳಲಿಲ್ಲ. ಮೂವತ್ತೊಂದರ ದಾಖಲೆಗಳನ್ನಷ್ಟೇ ನೋಡಿದಳು. ಎರಡೇ ಇದ್ದವು. ಒಂದು ಆ ತಾಯಿಯ ಕರೆ; ಇನ್ನೊಂದು ಅಂಚೆಯಲ್ಲಿ ಬಂದ ಅರ್ಜಿ, ಗಂಟೆ ಬರೆದಿರಲಿಲ್ಲ, ಅದು ಪಟ್ಟಿಯಲ್ಲಿತ್ತು. ಆಮೇಲೆ ಎಲ್ಲರನ್ನೂ ಕೂರಿಸಿ, "ಮೇಷ್ಟ್ರೇ, ಅದೇ ಲೆಕ್ಕ ಇನ್ನೊಂದು ಸಲ ತೆಗೀರಿ," ಅಂದಳು.

ತೆಗೆದರು. ನಲವತ್ತೊಂದು.

"ತಂಗಿ ಆಮೇಲೆ ತೂರಿಸಿದ್ರೆ ಈಗಾದ್ರೂ ನಲವತ್ತೆರಡು ಬರಬೇಕಿತ್ತಲ್ಲ? ಕರೆ ಕಣ್ಣೆದುರಿಗಿದೆ, ಲೆಕ್ಕಕ್ಕೆ ಕಾಣ್ತಿಲ್ಲ. ಯಂತ್ರಕ್ಕೆ ಲೆಕ್ಕ ಹೇಳೋ ಸೂತ್ರದಲ್ಲಿ 'ಕೊನೆಯ ತಾರೀಕಿನವರೆಗೆ' ಅಂತ ಇದೆ. ಅಲ್ಲಿ ಬರೀ ಮೂವತ್ತೊಂದು ಅಂದ್ರೆ ಯಂತ್ರಕ್ಕೆ ಆ ದಿನ ಹುಟ್ಟೋ ಘಳಿಗೆ, ರಾತ್ರಿ ಹನ್ನೆರಡು. ಅಲ್ಲಿಗೆ ಬಾಗಿಲು ಹಾಕಿಬಿಡುತ್ತೆ. ಗಂಟೆ ಇಲ್ಲದ ಅರ್ಜಿಯನ್ನೂ ಹನ್ನೆರಡರದ್ದು ಅಂದ್ಕೊಂಡು ಒಳಗೆ ಬಿಡ್ತು. ಹನ್ನೊಂದು ಇಪ್ಪತ್ತರದ್ದು ಹೊರಗೇ ನಿಂತಿತು. ಮುಂದಿನ ಲೆಕ್ಕ ಶುರುವಾಗೋದು ಒಂದನೇ ತಾರೀಕಿಂದ. ತಿಂಗಳ ಕೊನೆ ದಿನ ಫೋನ್ ಮಾಡಿದವರು ಅಲ್ಲೂ ಇಲ್ಲ, ಇಲ್ಲೂ ಇಲ್ಲ."

"ಇಷ್ಟು ದಿನ ಯಾರಿಗೂ ಗೊತ್ತಾಗಲಿಲ್ವಾ ಅಕ್ಕಾ?" ಅಂದ ಡ್ರೈವರ್.

"ಮಿಕ್ಕವರು ಮತ್ತೆ ಫೋನ್ ಮಾಡಿ ಬೈದ್ರು, ಹೊಸ ತಾರೀಕಲ್ಲಿ ಸೇರಿದ್ರು. ಆ ತಾಯಿ ಬೈಯೋರಲ್ಲ."

ಸೂತ್ರ ಬರೆದವರು ಯಾರೆಂದು ಅಕ್ಕ ಹೇಳಲಿಲ್ಲ. ಮೇಷ್ಟ್ರು ತಮ್ಮ ದೂರಿನ ಕಾಗದವನ್ನು ಎಳೆದುಕೊಂಡು ನಾಲ್ಕು ಮಡಿಕೆ ಮಡಚಿ ಜೇಬಿಗಿಟ್ಟರು.

"ಅಮ್ಮ ಏನಂದ್ರು, ತಂಗೀ?" ಅಂತ ಕೇಳಿದರು.

ಅವಳು ಸೆರಗಿಗೆ ಮೂಗೊರೆಸಿಕೊಂಡಳು. "ಅವಸರವಿಲ್ಲಮ್ಮಾ, ಸರದಿ ಬಂದಾಗ ಕಳಿಸು ಅಂದ್ರು. ನನ್ನ ಮಗನಿಗೆ ಹೇಳಬೇಡ, ತಿಂಗಳ ಕೊನೆ, ಅವನಿಗೆ ಲೆಕ್ಕದ ಕೆಲಸ ಜಾಸ್ತಿ ಅಂದ್ರು."

ಮೇಷ್ಟ್ರು ಸೂತ್ರ ತೆರೆದು, ಕೊನೆಯ ತಾರೀಕಿಗೆ ಒಂದು ದಿನ ಕೂಡಿಸಿ, 'ಅದಕ್ಕಿಂತ ಮೊದಲು' ಎಂದು ತಿದ್ದಿ ಗುಂಡಿ ಒತ್ತಿದರು. ಕಂಪ್ಯೂಟರಿನ ಪರದೆಯಲ್ಲಿ ನಲವತ್ತೊಂದು ಅಳಿಸಿಹೋಗಿ ನಲವತ್ತೆರಡು ಮೂಡಿತು.