ಕಿರೀಟದ ಜಾಗದಲ್ಲಿ ತೆಂಗಿನಕಾಯಿ

ಕಿರೀಟ ಇರಲಿಲ್ಲ!

ಅದು ಇರಬೇಕಾದ ಮರದ ಪೀಠದ ಮೇಲೆ ಒಂದು ತೆಂಗಿನಕಾಯಿ ಕೂತಿತ್ತು. ಜುಟ್ಟು ಸಮೇತ, ಯಾರನ್ನೋ ಅಣಕಿಸುವ ಹಾಗೆ.

"ಬಾಗಿಲು ಹಾಕ್ರೋ! ಒಬ್ಬರೂ ಆಚೆ ಹೋಗ್ಕೂಡದು!"

ನಾಟಕಶಾಲೆಯ ಕಾರ್ಯದರ್ಶಿ ಏಕಾಂತಯ್ಯನವರ ಕೂಗು ಬಣ್ಣದ ಕೋಣೆಯಿಂದ ಹೊರಬಿತ್ತು. ಹಿಂದೆಯೇ ಅವರೂ ಓಡಿಬಂದರು. ಢಣ್! ಬಾಗಿಲ ಮೇಲಿನ ತೊಲೆ ಹಣೆಗೆ ಬಡಿಯಿತು.

ಕೆಂಗೇರಿಯ ಆ ನಾಟಕಶಾಲೆ ಬೆಂಕಿಗೆ ಬೂದಿಯಾಗಿ ಎಷ್ಟೋ ಕಾಲವಾಗಿತ್ತು. ರಾಜ್ಯ ಒಂದಾದ ಮರುವರ್ಷ ಊರವರು ಅದನ್ನು ಇದ್ದ ಹಾಗೇ ಮತ್ತೆ ಕಟ್ಟಿ ನಿಲ್ಲಿಸಿದ್ದರು. ಅದೇ ಕಂಬ, ಅದೇ ಹಂಚು, ಬಣ್ಣದ ಕೋಣೆಗೆ ಅದೇ ಗಿಡ್ಡ ಬಾಗಿಲು. ಬೆಂಕಿಯಲ್ಲಿ ಉಳಿದಿದ್ದು ಒಂದೇ ವಸ್ತು—ರಾಜನ ಪಾತ್ರದ ಬೆಳ್ಳಿ ಕಿರೀಟ. ಈಗ ಅದೇ ಮಾಯ!

"ಇವನೇ!" ಏಕಾಂತಯ್ಯನವರ ಬೆರಳು ನೇರವಾಗಿ, ಮನೆಯವರ ಜೊತೆ ನಾಟಕಶಾಲೆ ನೋಡಲು ಬಂದಿದ್ದ ಚನ್ನಕೇಶವನ ಮೂಗಿನ ಮುಂದೆ ನಿಂತಿತು. "ಈ ಕಿರೀಟಕ್ಕೆ ಒಂದು ತಲೆ ಬೇಕು, ತೆಂಗಿನಕಾಯಿ ಆದ್ರೂ ನಡೀತದೆ ಅಂತ ನನ್ನ ಬೋಳುತಲೆ ನೋಡ್ಕೊಂಡು ಹೇಳಿದ್ದು ಯಾರು?"

"ತಮಾಷೆಗೆ ಅಂದೆ ಸಾರ್..."

"ಆಮೇಲೆ ಒಬ್ಬನೇ ಒಳಗೆ ಹೋಗಿದ್ದು?"

ಕೇಶವ ತಲೆ ಕೆರೆದುಕೊಂಡ. "ಹೋಗಿದ್ದೆ. ಕಿರೀಟ ತಲೆಗಿಟ್ಕೊಂಡು ಒಂದು ಡೈಲಾಗ್ ಹೊಡ್ದೆ. ವಾಪಸ್ ಇಟ್ಟು ಬಂದೆ."

"ಯಾವ ಡೈಲಾಗು?" ಕೇಳಿದ್ದು ಅವನ ಅಜ್ಜಿ ಮುನಿತಾಯಮ್ಮ. ಕಾಲುನೋವು ಅಂತ ರಂಗದ ಪಕ್ಕದ ಪೆಟ್ಟಿಗೆಯ ಮೇಲೆ, ಮಡಿಲಲ್ಲಿ ಬಟ್ಟೆಯ ಚೀಲ ಇಟ್ಟುಕೊಂಡು ಕೂತಿದ್ದಳು.

"'ಎಲೈ ದ್ರೋಹಿ, ನಿನ್ನ ರುಂಡ ಚೆಂಡಾಡುವೆ' ಅಂತ."

"ಗಂಟಲಲ್ಲಿ ಕಿರುಚ್ದೆ. ದನಿ ಹೊಟ್ಟೆಯಿಂದ ಬರ್ಬೇಕು," ಅಜ್ಜಿ ಗೊಣಗಿದಳು.

"ಅವ್ವಾ, ಸುಮ್ನಿರು!" ಅಪ್ಪ ರಾಮಯ್ಯ ಹಲ್ಲು ಕಡಿದ. "ನಾಳೆ ಇವ್ನು ರಾಜಾಜಿನಗರದ ಕಾರ್ಖಾನೇಲಿ ಕೆಲಸಕ್ಕೆ ಸೇರ್ಬೇಕು. ಪೊಲೀಸ್ ಕೇಸಾದ್ರೆ ಯಾರು ಒಳಗೆ ಬಿಟ್ಕೊತಾರೆ? ಲೇ ಕೇಶವ, ಎಲ್ಲಿಟ್ಟಿದೀಯ ಹೇಳೋ!"

"ಅಪ್ಪಾ, ನಿನ್ನಾಣೆ, ನಾನಲ್ಲ!"

ಅಪ್ಪ ನಂಬಲಿಲ್ಲ. ಹೇಗೆ ನಂಬಿಯಾನು? ಮದುವೆಮನೆಯಲ್ಲಿ ಬೀಗರ ಪೇಟ ಬಚ್ಚಿಟ್ಟವನು, ಅಕ್ಕನ ಗಂಡನ ನಶ್ಯದ ಡಬ್ಬಿಗೆ ಮೆಣಸಿನಪುಡಿ ತುಂಬಿದವನು ಇವನೇ. ಸುಳ್ಳು ಹೇಳಿ ಹೇಳಿ ಇವತ್ತು ನಿಜ ಹೇಳಿದರೂ ಅದು ಟೆಂಟ್ ಸಿನಿಮಾದ ಮಾತಿನ ಹಾಗೆ ಕೇಳುತ್ತಿತ್ತು.

"ಪೇದೇನ ಕರೆಯೋಕೆ ಆಳು ಹೋಗಿದಾನೆ," ಏಕಾಂತಯ್ಯ ಅಂದರು. "ಅವ್ರು ಬರೋದ್ರೊಳಗೆ ಕೊಟ್ರೆ ಸರಿ. ಇಲ್ಲಾಂದ್ರೆ ಲಾಕಪ್ಪು!"

ಠಾಣೆ ದೂರವಿರಲಿಲ್ಲ. ಕೇಶವ ತೆಂಗಿನಕಾಯಿಯನ್ನೇ ದಿಟ್ಟಿಸಿದ. ಕಳ್ಳ ಕದ್ದು ಓಡಬೇಕು. ನಿಂತು ತೆಂಗಿನಕಾಯಿ ಯಾಕೆ ಇಟ್ಟ?

ರಂಗದ ಮೂಲೆಯಲ್ಲಿ ಹಾರ್ಮೋನಿಯಂ ಮುಂದೆ ಮುದುಕ ರೇವಣಸಿದ್ದಯ್ಯ ಕೂತಿದ್ದರು. ಸುಟ್ಟುಹೋದ ಹಳೆಯ ನಾಟಕ ಕಂಪನಿಯವರು. ಎರಡೂ ಕಣ್ಣು ಹೋಗಿದ್ದವು. ಬೆಳಿಗ್ಗೆಯಿಂದ ಒಂದೇ ಸಮನೆ ಕೇಳುತ್ತಿದ್ದ ಅವರ ಪೆಟ್ಟಿಗೆಯ ಸ್ವರ ಈಗಷ್ಟೇ ನಿಂತಿತ್ತು.

ಕೇಶವ ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತ. "ತಾತ, ಕಿರೀಟದ ಜಾಗದಲ್ಲಿ ಯಾರೋ ತೆಂಗಿನಕಾಯಿ ಇಟ್ಟವ್ರೆ."

ಮುದುಕರು ಮುಖ ಎತ್ತಿದರು. "ಜುಟ್ಟು ಯಾವ ಕಡೆಗಿದೆ?"

"ರಂಗದ ಕಡೆಗೆ."

"ಹಾಗಾದ್ರೆ ಅದು ಕುಚೇಷ್ಟೆ ಅಲ್ಲಪ್ಪ. ನಮ್ಮ ಕಂಪನೀಲಿ ಕಿರೀಟ ಎತ್ತಿದ್ರೆ ಪೀಠ ಬರಿದು ಬಿಡ್ತಿರ್ಲಿಲ್ಲ. ರಾಜ ವಾಪಸ್ ಬರೋ ತನಕ ಕಾಯಿ ಕೂರ್ಬೇಕು, ರಂಗ ನೋಡ್ಕೊಂಡು. ಹೊರಗಿನೋರಿಗೆ ಇದು ಗೊತ್ತೇ ಇಲ್ಲ."

"ಹಾಗಾದ್ರೆ ನೀವೇ ಏನು?" ಏಕಾಂತಯ್ಯ ಗುಡುಗಿದರು.

"ನನ್ನ ಬೆರಳು ಪೆಟ್ಟಿಗೆ ಬಿಟ್ಟಿದ್ರೆ ನಿಮಗೇ ಕೇಳಿಸ್ತಿತ್ತು, ಸ್ವಾಮಿ."

ನಿಜ. ಸ್ವರ ಒಮ್ಮೆಯೂ ನಿಂತಿರಲಿಲ್ಲ. ಮತ್ತೆ ಯಾರು? ಇಲ್ಲಿ ಕಂಪನಿಯವರು ಇನ್ನೊಬ್ಬರಿದ್ದಾರೆಯೇ?

ಕೇಶವ ಹಣೆ ಉಜ್ಜಿಕೊಂಡ. ಬುಗುಟು ಎದ್ದು ನೋಯುತ್ತಿತ್ತು. ಅಪ್ಪನ ಹಣೆಯಲ್ಲೂ ಒಂದು. ಏಕಾಂತಯ್ಯನವರಿಗೆ ಎರಡು. ಬೆಳಿಗ್ಗೆ ಎಲ್ಲರೂ ಸಾಲಾಗಿ ಬಣ್ಣದ ಕೋಣೆಗೆ ನುಗ್ಗಿದಾಗ ಒಬ್ಬೊಬ್ಬರಿಗೂ ಢಣ್, ಢಣ್! ಕೊನೆಗೆ ಅಜ್ಜಿಗೂ ಒಂದು ಬೀಳಲಿ ಅಂತ ಅವನು ನಗು ತಡೆದುಕೊಂಡು ಕಾದಿದ್ದ. ಅಪ್ಪನಿಗಿಂತ ಎತ್ತರದ ಅಜ್ಜಿ.

ಢಣ್ ಅಂದಿರಲೇ ಇಲ್ಲ!

ಅವನು ಧಡಕ್ಕನೆ ಎದ್ದ. ಹೊರಗೆ ಸೈಕಲ್ ಬೆಲ್ ಕೇಳಿಸಿತು. ಪೇದೆ!

"ಸಾರ್, ಕಳ್ಳರು ಯಾರಂತ ಗೊತ್ತಾಯ್ತು," ಅಂದ. "ಹೊಸಬರಿಗೆಲ್ಲ ಆ ತೊಲೆ ಬಡೀತು. ಬಡೀದೇ ಇರೋರು ಹಳೇ ಕಟ್ಟಡದಲ್ಲಿ ಓಡಾಡ್ದೋರು. ಅವ್ರಿಗೆ ಕಣ್ಣಿಗೆ ಕಾಣ್ದಿದ್ರೂ ಬೆನ್ನಿಗೆ ಗೊತ್ತು, ಎಲ್ಲಿ ಬಗ್ಗಬೇಕು ಅಂತ. ಪೀಠ ಬರಿದು ಬಿಡೋಕೂ ಅವ್ರಿಗೆ ಮನಸ್ಸು ಬರ್ಲಿಲ್ಲ. ಕೈಗೆ ಸಿಕ್ಕಿದ್ದು ಚೀಲದಲ್ಲಿದ್ದ ಕಾಯಿ. ಬರ್ತಾ ಬಸ್ಸಲ್ಲಿ 'ದೇವಸ್ಥಾನಕ್ಕೆ ತೆಂಗಿನಕಾಯಿ ಇದೆ, ಬೀಳಿಸ್ತೀಯ' ಅಂತ ಆ ಚೀಲ ನನ್ನ ಕೈಗೇ ಕೊಡ್ಲಿಲ್ಲ. ಕಾಯಿ ಈಗ ಪೀಠದ ಮೇಲಿದೆ. ಚೀಲ ಮಾತ್ರ ಇನ್ನೂ ತುಂಬಿದೆ."

"ಯಾರ ಚೀಲ?" ಏಕಾಂತಯ್ಯ ಅರಚಿದರು.

ಕೇಶವ ಅಜ್ಜಿಯ ಕಡೆ ತಿರುಗಿದ. ಸುಮ್ಮನಿದ್ದರೆ ತನಗೆ ಲಾಕಪ್ಪು. ಹೇಳಿದರೆ?

"ಹೇಳೋ ಮಗ." ಅಜ್ಜಿ ಎದ್ದು ನಿಂತಳು. "ಪೂರ್ತಿ ಹೇಳು. ಮಾತು ಅರ್ಧಕ್ಕೆ ನಿಲ್ಲಿಸಿದ್ರೆ ಜನ ಎದ್ದೋಗ್ತಾರೆ."

"...ನೀನೇ ಅಜ್ಜಿ."

ರಾಮಯ್ಯ ಕಂಬ ಹಿಡಿದುಕೊಂಡ. "ಅವ್ವಾ! ನಾಟಕದ ಹೆಸರೆತ್ತಿದ್ರೆ ಬೈತಿದ್ದೋಳು ನೀನು!"

"ನಿಮ್ಮಪ್ಪ ಆಣೆ ಹಾಕಿಸ್ಕೊಂಡಿದ್ರು ಕಣೋ, ಯಾರಿಗೂ ಹೇಳ್ಬೇಡ ಅಂತ. ಹೇಳ್ಲಿಲ್ಲ." ಅಜ್ಜಿ ಚೀಲದ ಬಾಯಿ ಬಿಚ್ಚಿದಳು. ಬೆಳ್ಳಿ ಮಿನುಗಿತು. "ಆದ್ರೆ ಇವತ್ತು ಬಣ್ಣದ ಕೋಣೇಲಿ ಆ ಹಲಗೆ ನೋಡ್ಕೊಂಡು ಈ ಸ್ವಾಮಿ ಏನು ಓದಿದ್ರು? 'ಮಹಾನಟ ಕೃಷ್ಣಪ್ಪನವರು ಧರಿಸಿದ ಕಿರೀಟ!' ಕೃಷ್ಣಪ್ಪ ಕಂಪನಿ ಯಜಮಾನ. ಒಂದಿನಾನೂ ಬಣ್ಣ ಹಚ್ಚಿದೋನಲ್ಲ. ಮೀಸೆ ಅಂಟಿಸ್ಕೊಂಡು ಇದನ್ನ ಹೊತ್ತಿದ್ದು ಈ ತಲೆ! ಬೆಂಕಿಯಿಂದ ಎತ್ಕೊಂಡು ಬಂದಿದ್ದು ಈ ಕೈ!"

"ಸುಳ್ಳು!" ಏಕಾಂತಯ್ಯ ಅಂದರು. "ಸಾಕ್ಷಿ ಏನಿದೆ?"

ಅಜ್ಜಿ ಕಿರೀಟ ಕಣ್ಣಿಗೊತ್ತಿಕೊಂಡು ತಲೆಗಿಟ್ಟಳು. ಬೆನ್ನು ನೆಟ್ಟಗಾಯಿತು. ಹೊಟ್ಟೆಯಾಳದಿಂದ ಗಂಡುದನಿಯೊಂದು ಎದ್ದು ಹಂಚಿಗೆ ಬಡಿಯಿತು:

"ಯಾರಲ್ಲಿ! ಈ ಸಿಂಹಾಸನ ಬರಿದಾಗಿಲ್ಲ. ನಾನಿನ್ನೂ ಇದ್ದೇನೆ!"

ಹಾರ್ಮೋನಿಯಂ ತಾನಾಗಿ ಶ್ರುತಿ ಹಿಡಿಯಿತು. ರೇವಣಸಿದ್ದಯ್ಯನವರ ಕುರುಡು ಕಣ್ಣುಗಳಿಂದ ನೀರು ಇಳಿಯುತ್ತಿತ್ತು. "ಮುನಿತಾಯಿ... ಬಂದ್ಯೇನಮ್ಮ?"

ಬಾಗಿಲು ತೆರೆಯಿತು. ಪೇದೆ ಬೆವರು ಒರೆಸಿಕೊಳ್ಳುತ್ತಾ ಒಳಗೆ ಬಂದ. "ಎಲ್ರೀ ಕಳ್ಳ?"

ಏಕಾಂತಯ್ಯ ಕಿರೀಟವನ್ನು ನೋಡಿದರು, ಮುದುಕರನ್ನು ನೋಡಿದರು.

"ಕಳ್ಳರು ಯಾರೂ ಇಲ್ಲಪ್ಪ," ಅಂದರು ಮೆಲ್ಲಗೆ. "ರಾಜರು ಬಂದಿದಾರೆ."

ಕೃಷ್ಣಪ್ಪನ ಹೆಸರಿನ ಹಲಗೆ ಕಿತ್ತು ತರಲು ಅವರು ದಡಬಡ ಬಣ್ಣದ ಕೋಣೆಯತ್ತ ನಡೆದರು.

"ಸ್ವಾಮಿ, ಬಗ್ಗಿ!" ಅಜ್ಜಿ ಕೂಗಿದಳು.

ಢಣ್!