ಡಿಕ್ಕಿಗೆ ಒಳಗಿನಿಂದ ಸ್ವಿಚ್

“ಆಮೇಲೆ ಎಂತ ಆಯ್ತು ಕೇಳಿ ಗುಂಡಣ್ಣ,” ಎಂದು ಅಪ್ಪ ಹೋಟೆಲಿನ ಕ್ಯಾಶ್ ಕೌಂಟರಿನ ಮೇಲೆ ಮೊಣಕೈ ಊರಿದರು. “ಡಿಕ್ಕಿ ಬಾಗಿಲು ಹಾಕಿ ಎರಡು ನಿಮಿಷ ಆಗಿರ್ಲಿಲ್ಲ, ಒಳಗಿಂದ ಇವಳ ಬೊಬ್ಬೆ. ವಾಚ್‌ಮನ್ ಊಟ ಬಿಟ್ಟು ಓಡಿ ಬಂದ. ಮೂರನೇ ಮಾಳಿಗೆಯ ಅಜ್ಜಿ ಬಾಲ್ಕನಿಗೆ ಬಂದ್ರು.”

“ನಿನ್ನೆ ಹೇಳುವಾಗ ಎರಡನೇ ಮಾಳಿಗೆ,” ಎಂದಳು ಹರ್ಷಿಣಿ, ತಟ್ಟೆಯ ವಡೆಯನ್ನೇ ನೋಡುತ್ತಾ.

ನಿಜ ಹೇಳಬೇಕೆಂದರೆ ಆ ಅಜ್ಜಿಯ ಮನೆ ಇರುವುದು ಮೊದಲನೇ ಮಾಳಿಗೆಯಲ್ಲಿ. ಅಪ್ಪ ಕತೆ ಹೇಳಿದಷ್ಟು ಸಲವೂ ಅಜ್ಜಿ ಒಂದೊಂದು ಮಾಳಿಗೆ ಮೇಲೆ ಏರುತ್ತಿದ್ದರು.

ಕ್ಯಾಶಿಯರ್ ಗುಂಡಣ್ಣ ಹೊಟ್ಟೆ ಕುಲುಕಿಸಿ ನಕ್ಕರು. “ಹಾಗಾದ್ರೆ ನಮ್ಮ ಹರ್ಷಿಣಿ ಈಗ ಡಿಕ್ಕಿ ರಾಣಿ.”

“ಪೋಂಗಪ್ಪಾ, ಹೋಗಿ ನೀವು,” ಎಂದು ಹರ್ಷಿಣಿ ಮುಖ ಆಚೆ ತಿರುಗಿಸಿದಳು. ವಡೆ ಅರ್ಧಕ್ಕೇ ನಿಂತಿತು.

ಅವಳ ಅಪ್ಪ ಸಂತೋಷ್ ಮೈಲಾಪುರದ ಈ ಹೋಟೆಲಿನ ಮ್ಯಾನೇಜರ್. ಎರಡು ತಿಂಗಳ ಹಿಂದೆ ಅವರು ಹಳೆಯ ಎಸ್‌ಯುವಿ ಒಂದನ್ನು ಕೊಂಡಿದ್ದರು. ಹರ್ಷಿಣಿಯ ಐದನೇ ಕ್ಲಾಸಿನ ಪರೀಕ್ಷೆ ಮುಗಿದ ಕೂಡಲೇ ಏಲಗಿರಿ ಬೆಟ್ಟಕ್ಕೆ ಕ್ಯಾಂಪಿಂಗ್, ಎರಡು ರಾತ್ರಿ ಕಾರಿನಲ್ಲೇ ನಿದ್ದೆ ಎಂದು ನಿಶ್ಚಯವಾಗಿತ್ತು. ಹಿಂದಿನ ಸೀಟು ಮಡಚಿ, ಹಲಗೆ ಹಾಕಿ, ಅದರ ಮೇಲೆ ಹಾಸಿಗೆ ಬಿಡಿಸಿದ್ದರು. ಹಾಸಿಗೆಯಿಂದ ಮುಂದಿನ ಸೀಟಿನ ತನಕ ಟೆಂಟು, ಸ್ಟವ್, ನೀರಿನ ಕ್ಯಾನು, ಪಾತ್ರೆಯ ಪೆಟ್ಟಿಗೆ. ಹೊರಡುವುದು ನಾಳೆ ಬೆಳಿಗ್ಗೆ.

ಮೊನ್ನೆ ಪಲ್ಲಾವರಂನ ಅವರ ಫ್ಲ್ಯಾಟಿನ ಪಾರ್ಕಿಂಗಿನಲ್ಲಿ ಇದರ ರಿಹರ್ಸಲ್ ನಡೆದಿತ್ತು. ಹರ್ಷಿಣಿ ಹಾಸಿಗೆಯಲ್ಲಿ ಮಲಗಿದಳು. ಅಮ್ಮ ಡಿಕ್ಕಿಯ ಬಾಗಿಲು ಹಾಕಿ ದಿಂಬು ತರಲು ಮೇಲೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಹರ್ಷಿಣಿ ಬಾಗಿಲು ತೆರೆಯಲು ಹಿಡಿ ಹುಡುಕಿದಳು. ಹಿಡಿಯೇ ಇರಲಿಲ್ಲ. ಕೈ ಆಡಿಸಿದಲ್ಲೆಲ್ಲ ಬರೀ ನುಣ್ಣನೆಯ ಕಪ್ಪು ಪ್ಲಾಸ್ಟಿಕ್. ಮುಂದೆ ಸಾಮಾನಿನ ಗೋಡೆ. ಆಗ ಅವಳು ಕೂಗಿದ್ದು ಹೌದು. ಅದನ್ನು ಅಪ್ಪ ಊರಿಗೆಲ್ಲ ಹೇಳಬೇಕಾಗಿರಲಿಲ್ಲ.

ಅಮ್ಮ ಮಾತ್ರ ನಕ್ಕಿರಲಿಲ್ಲ. “ಒಳಗಿಂದ ತೆರೆಯುವ ಸ್ವಿಚ್ ಹಾಕಿಸಿ. ಇಲ್ಲದಿದ್ರೆ ನಾನೂ ಬರುದಿಲ್ಲ, ಅವಳೂ ಬರುದಿಲ್ಲ,” ಎಂದುಬಿಟ್ಟಿದ್ದರು.

ಹಾಗಾಗಿ ಹೋಟೆಲಿನಿಂದ ಅಪ್ಪ, ಮಗಳು ನೇರ ಗಿಂಡಿ ಎಂಬ ಬಡಾವಣೆಗೆ ಹೋದರು. ಅಲ್ಲಿ ಅಂದಾನಿ ಎಂಬವರ ಶೆಡ್ ಇತ್ತು. ಗದಗದಿಂದ ಬಂದ ಅವರು ಇಪ್ಪತ್ತು ವರ್ಷಗಳಿಂದ ಇಲ್ಲೇ ಕಾರುಗಳ ವೈರಿಂಗ್ ಕೆಲಸ ಮಾಡುತ್ತಿದ್ದರು. ಶೆಡ್ಡಿನ ಒಳಗೆ ಜಾಗವಿಲ್ಲದೆ ಕಾರನ್ನು ಬಿಸಿಲಿನಲ್ಲೇ ನಿಲ್ಲಿಸಬೇಕಾಯಿತು.

ಅಂದಾನಿ ಡಿಕ್ಕಿ ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಹಲಗೆಯನ್ನು ಟಕ್ ಟಕ್ ಎಂದು ಬಿಚ್ಚಿದರು. “ಹೊರಗಿನ ಬಟನ್ನಿಗೆ ಎರಡು ವೈರ್ ಬರ್ತಾವು, ನೋಡು ತಂಗಿ. ಅವಕ್ಕs ಇನ್ನೊಂದು ಸ್ವಿಚ್ ಕಟ್ಟಿದ್ರ ಆತು.” ಕಟ್ಟಿಯೂ ಬಿಟ್ಟರು. ಪುಟ್ಟ ಸ್ವಿಚ್ಚು ವೈರಿನ ತುದಿಯಲ್ಲಿ ತೂಗಾಡಿತು. “ಮೊದಲು ಟೆಸ್ಟ್ ಮಾಡೂಣು. ಆಮ್ಯಾಲ ಸರಿಯಾದ ಜಾಗಾದಾಗ ಕೂಡಸ್ತೀನಿ.”

“ಟೆಸ್ಟ್ ನಾನು ಮಾಡ್ತೇನೆ,” ಎಂದು ಅಪ್ಪ ಹಾಸಿಗೆಗೆ ಹತ್ತಿದರು. “ಹರ್ಷಿಣಿ, ಸರಿ ನೋಡಿಕೋ. ಬೊಬ್ಬೆ ಹಾಕದೆ ಹೊರಗೆ ಬರುದು ಹೇಗೆ ಅಂತ.” ಮಹಾರಾಜರ ಹಾಗೆ ಕಾಲು ಚಾಚಿ ಮಲಗಿದರು. ಅಂದಾನಿ ಬಾಗಿಲು ಹಾಕಿದರು.

ಅಪ್ಪ ಆರಾಮವಾಗಿ ಒಂದು ಮಗ್ಗುಲಿಗೆ ಹೊರಳಿದರು. ಕೂಡಲೇ ಟಿಕ್ ಎಂದಿತು. ಕಾರಿನ ಲೈಟು ಒಮ್ಮೆ ಮಿನುಗಿತು.

ಸ್ವಿಚ್ ಒತ್ತಿದರು. ಏನೂ ಆಗಲಿಲ್ಲ.

“ಅಂದಾನಿಯವರೇ, ನಿಮ್ಮ ಸ್ವಿಚ್ಚಿಗೂ ನಿದ್ದೆ ಬಂತು ಕಾಣ್ತದೆ,” ಎಂಬ ಮಾತು ಗಾಜಿನ ಒಳಗಿನಿಂದ ಸಣ್ಣಗೆ ಕೇಳಿಸಿತು. ಮತ್ತೆ ಒತ್ತಿದರು. ಮತ್ತೆ, ಮತ್ತೆ. ಅಂದಾನಿ ಹೊರಗಿನ ಬಟನ್ ಒತ್ತಿ ನೋಡಿದರು. ಅದೂ ತೆರೆಯಲಿಲ್ಲ.

“ಲಾಕ್ ಆಗೈತಿ. ಕೀ ಎಲ್ಲೈತಿ?”

“ಅಪ್ಪನ ಹತ್ರವೇ,” ಎಂದಳು ಹರ್ಷಿಣಿ.

ಅಂದಾನಿ ಮುಂದಿನ ಬಾಗಿಲು ತೆರೆಯಲು ಏನಾದರೂ ಸಿಗುತ್ತದೆಯೇ ಎಂದು ಶೆಡ್ಡಿನೊಳಗೆ ಓಡಿದರು. ಅಷ್ಟರಲ್ಲಿ ಅಪ್ಪ ಎದ್ದು ಕೂತಿದ್ದರು. ತಲೆ ಕಾರಿನ ಸೂರಿಗೆ ತಾಗುತ್ತಿತ್ತು. ಸಾಮಾನು ದಾಟಿ ಮುಂದೆ ಹೋಗುವಂತಿರಲಿಲ್ಲ. ಅಂಗೈಯಿಂದ ಗಾಜು ಬಡಿಯತೊಡಗಿದರು. “ತೆಗೀರಿ. ತೆಗೀರಿ ಮಾರಾಯ್ರೆ, ಬೇಗ ತೆಗೀರಿ.”

ಹರ್ಷಿಣಿಯ ನಾಲಿಗೆಯ ತುದಿಯಲ್ಲಿ ‘ಡಿಕ್ಕಿ ರಾಜ’ ಎಂಬ ಮಾತು ತಯಾರಾಗಿ ನಿಂತಿತ್ತು. ಆದರೆ ಅವಳಿಗೆ ಅಪ್ಪನ ಮುಖ ಕಾಣಿಸಿತು. ಹಣೆಯಿಂದ ಬೆವರು ಇಳಿಯುತ್ತಿತ್ತು. ಕಣ್ಣು ಅವಳ ಕಡೆಗಿದ್ದರೂ ಅವಳನ್ನು ನೋಡುತ್ತಿರಲಿಲ್ಲ. ಒಳಗೆ ಈಗ ಹೇಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆ ಕಪ್ಪು ಪ್ಲಾಸ್ಟಿಕ್ ನಿಧಾನಕ್ಕೆ ಹತ್ತಿರ ಹತ್ತಿರ ಬರುತ್ತದೆ.

ತಯಾರಾಗಿದ್ದ ಮಾತನ್ನು ನುಂಗಿ ಅವಳು ಗಾಜಿಗೆ ಮುಖ ಒತ್ತಿದಳು. “ಅಪ್ಪ, ಇಲ್ಲಿ ನೋಡಿ. ನನ್ನನ್ನೇ ನೋಡಿ.”

ಬಡಿತ ನಿಂತಿತು.

“ಕೀ ನಿಮ್ಮ ಪ್ಯಾಂಟಿನ ಕಿಸೆಯಲ್ಲಿ ಉಂಟು. ನೀವು ಹೊರಳುವಾಗ ಅದು ಒತ್ತಿ ಲಾಕ್ ಆದದ್ದು. ಮೆಲ್ಲ ತೆಗೀರಿ. ಅರ್ಜೆಂಟ್ ಇಲ್ಲ. ನಾನು ಇಲ್ಲೇ ಇದ್ದೇನೆ.”

ಅಪ್ಪ ಕಿಸೆಗೆ ಕೈ ಹಾಕಿದರು. ಕೀ ಒಮ್ಮೆ ಹಾಸಿಗೆಗೆ ಬಿತ್ತು. ಹುಡುಕಿ ಎತ್ತಿಕೊಂಡರು.

“ಅದರಲ್ಲಿ ಕೆಳಗಿನ ಬಟನ್,” ಎಂದಳು.

ಟಿಕ್.

“ಈಗ ಸ್ವಿಚ್.”

ಬಾಗಿಲು ಮೇಲೆದ್ದಿತು. ಅಪ್ಪ ಇಳಿದು ಕಾರಿಗೆ ಒರಗಿ ನಿಂತರು. ಅಂಗಿ ಪೂರ್ತಿ ಒದ್ದೆ. ಹರ್ಷಿಣಿ ಕೊಟ್ಟ ಬಾಟಲಿಯ ನೀರನ್ನು ಒಂದೇ ಉಸಿರಿಗೆ ಕುಡಿದರು. ನಗಲು ನೋಡಿದರು, ನಗು ಬರಲಿಲ್ಲ.

“ಒಳಗೆ ಗಾಳಿಯೇ ಇಲ್ಲ,” ಎಂದರು.

“ಇರ್ತದೆ ಅಪ್ಪ. ಇಲ್ಲ ಅಂತ ಅನಿಸ್ತದೆ, ಅಷ್ಟೇ.”

ಕೈಯಲ್ಲಿ ಉದ್ದದ ತಂತಿ ಹಿಡಿದು ಓಡಿ ಬಂದ ಅಂದಾನಿ ತಲೆ ಕೆರೆದುಕೊಂಡರು. “ತಪ್ಪು ನಂದs ಸರ. ಲಾಕ್ ಆದ್ರ ಈ ಸ್ವಿಚ್ ನಡಿಯಂಗಿಲ್ಲ ಅಂತ ಮೊದಲs ಹೊಳೀಬೇಕಿತ್ತು. ಬ್ಯಾಟರಿಯಿಂದ ಬ್ಯಾರೇ ವೈರ್ ಎಳೀತೀನಿ. ಲಾಕ್ ಇರ್ಲಿ, ಬಿಡ್ಲಿ, ಒತ್ತಿದ ಕೂಡ್ಲೆ ಬಾಗಿಲು ತೆರೀಬೇಕು.”

ಕೆಲಸ ಮುಗಿಯಲು ಒಂದು ತಾಸು ಹಿಡಿಯಿತು. ಕೊನೆಗೆ ಅವರು ಡ್ರಿಲ್ ಹಿಡಿದು ಕೇಳಿದರು, “ತಂಗಿ, ನೀ ಯಾವ ಕಡೆ ಮಲಗ್ತಿ? ನಿನ್ನ ಕೈಗೆ ಸಿಗೂ ಹಂಗ ಕೂಡಸ್ತೀನಿ.”

“ಎಡಗಡೆ. ಬಲಗಡೆಯೂ ಒಂದು ಹಾಕಿ ಮಾಮ.”

“ಎರಡ್ಯಾಕವ್ವ?”

ಮುಖ ಒರೆಸುತ್ತಿದ್ದ ಅಪ್ಪನ ಕೈ ನಿಂತಿತು.

“ಆ ಬದಿಯಲ್ಲಿ ಅಪ್ಪ ಮಲಗುದು,” ಎಂದಳು ಹರ್ಷಿಣಿ.

ಈ ಸಲ ಟೆಸ್ಟ್ ಮಾಡಲು ಇಬ್ಬರೂ ಒಳಗೆ ಮಲಗಿದರು. ಕೀ ಅಂದಾನಿಯ ಕೈಯಲ್ಲಿತ್ತು. ಬಾಗಿಲು ಮುಚ್ಚಿತು, ಟಿಕ್ ಎಂದು ಲಾಕ್ ಆಯಿತು. ಅಪ್ಪ ಸೂರು ನೋಡುತ್ತಾ ಮಲಗಿದ್ದರು.

“ಮೊನ್ನೆ,” ಎಂದರು ಮೆಲ್ಲಗೆ, “ನಾವು ಬಂದು ತೆರೆಯುವಾಗ ತುಂಬ ಹೊತ್ತಾಗಿತ್ತಾ?”

ಹರ್ಷಿಣಿ ಯೋಚಿಸಿದಳು. “ಹ್ಞೂಂ, ಸ್ವಲ್ಪ.”

“ನನಗೆ ಗೊತ್ತಾಗ್ಲಿಲ್ಲ ಮಗಾ.”

ಅಪ್ಪ ಇಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ತಿರುಗಿ ನೋಡಿದಳು. ಅವರ ಹೆಬ್ಬೆರಳು ಆಗಲೇ ಬಲಗಡೆಯ ಸ್ವಿಚ್ಚಿನ ಮೇಲಿತ್ತು. ಆದರೂ ಒತ್ತದೆ ಅವಳಿಗಾಗಿ ಕಾಯುತ್ತಿದ್ದರು.

ಹರ್ಷಿಣಿ ತನ್ನ ಸ್ವಿಚ್ಚಿನಿಂದ ಕೈ ಹಿಂದೆ ತೆಗೆದಳು.

“ನೀವೇ ಒತ್ತಿ ಅಪ್ಪ,” ಎಂದಳು.